ಡಿಸ್ಕಿಗೂ ಒಂದು ಪ್ರೂಫ್ ತಗೀಬೇಕು

ನಮ್ಮ ಪ್ರೆಸ್ಸಿನ ಹಿಂದಿನ ಖೋಲ್ಯಾಗ ಒಂದು ಹಳೇ ಕಂಪ್ಯೂಟರ್ ಸೋಮವಾರ ಸಂಜಿಯಿಂದ ಹಗಲೂ ರಾತ್ರಿ ನಡದೈತಿ. ಕ್ಯಾಬಿನೆಟ್ಟಿನ ಒಂದು ಮಗ್ಗಲದ ತಗಡು ತಗದು ಟೇಬಲ್ ಫ್ಯಾನ್ ಹಚ್ಚೇನಿ, ಒಳಗ ಹುಬ್ಬಳ್ಳಿಯಿಂದ ತಂದ ಹೊಸಾ 4 ಟಿಬಿ ಹಾರ್ಡ್ ಡಿಸ್ಕ್ ಐತಿ, ಅದರಾಗ ಇನ್ನಾ ಒಂದು ಫೈಲೂ ಹಾಕಿಲ್ಲ. ಇವತ್ತ ಬುಧವಾರ ಮುಂಜಾನೆ ಅಪ್ಪ ಚಾ ಕುಡಕೋತ ಬಂದು ನೋಡಿ, "ಏನೋ ಇದು, ರೊಕ್ಕಾ ಕೊಟ್ಟು ಹೊಸಾದು ತಂದೀದಿ, ಎರಡು ದಿನಾ ಆತು, ಖಾಲೀನ ತಿರಗಸಾಕತ್ತೀದಿ" ಅಂದ್ರು. ಖಾಲಿ ತಿರಗವಲ್ದಪಾ, ಡಿಸ್ಕಿನ ಒಂದೊಂದು ಜಾಗಾದಾಗೂ ಏನರ ಬರದು, ಬರದದ್ದನ್ನ ತಿರುಗಿ ಓದಿ, ಬರದದ್ದೂ ಓದಿದ್ದೂ ಒಂದ ಅದಾವೋ ಇಲ್ಲೋ ಅಂತ ತಾಳಿ ನೋಡಾಕತ್ತೈತಿ ಅಂತ ಹೇಳಿದೆ. ಅವರು ಸ್ವಲ್ಪ ಹೊತ್ತು ಫ್ಯಾನಿನ ಮುಂದ ಸುಮ್ನ ನಿಂತು, "ಹಂಗಂದ್ರ ಪ್ರೂಫ್ ತಗಿಯಾಕತ್ತೀದಿ ಅನ್ನು" ಅಂದು ಕಪ್ ಹಿಡಕೊಂಡು ಹೋದ್ರು.

ನಲವತ್ತು ವರ್ಷ ಪ್ರೆಸ್ಸಿನಾಗ ಅಚ್ಚಿನ ಮೊಳೆ ಜೋಡಿಸಿದವರು ಅವರು. ಎರಡು ವರ್ಷದಿಂದ ನಾ ಮಂದಿಗೆ ಹೇಳಬೇಕಂತ ಒದ್ದಾಡಿದ್ದನ್ನ ಒಂದ ಮಾತಿನಾಗ ಹೇಳಿಬಿಟ್ರು, ಅದಕ್ಕ ಇವತ್ತ ಕುಂತು ಬರಿಯಾಕತ್ತೇನಿ. ನಮ್ಮ ಗದಗಿಗೆ ಮುದ್ರಣ ಕಾಶಿ ಅಂತಾರ. ಇಲ್ಲೆ ಲಗ್ನಪತ್ರಿಕೆ ಇರ್ಲಿ, ಬಿಲ್ ಬುಕ್ ಇರ್ಲಿ, ಪ್ರೂಫ್, ಅಂದ್ರ ತಪ್ಪು ಹುಡುಕಾಕ ಮೊದಲ ತಗಿಯೋ ಹಾಳಿ, ನೋಡಲಾರದ ಯಾರೂ ಮಷಿನ್ ಚಾಲೂ ಮಾಡೂದಿಲ್ಲ, ವರನ ಹೆಸರಿನಾಗ ಒಂದು ಕೊಂಬು ಬಿಟ್ರ ಸಾವಿರ ಕಾರ್ಡು ರದ್ದಿಗೆ ಹೋಗ್ತಾವ ಅನ್ನೂದು ಮಷಿನ್ ಒರಸೋ ಹುಡುಗಗೂ ಗೊತ್ತೈತಿ. ಆದ್ರ ಅದ ಮಂದಿ ಇಪ್ಪತ್ತು ವರ್ಷದ ಡಿಸೈನು, ಗಿರಾಕಿ ಫೋಟೋ, ಲೆಕ್ಕಾ ಎಲ್ಲಾ ತಂದು, ಆಗಷ್ಟ ಡಬ್ಬಿ ಒಡದ ಡಿಸ್ಕಿನೊಳಗ ಅವತ್ತಿನ ಸಂಜಿಗೇ ತುಂಬಿ, ಹಳೇದನ್ನ ಅಳಿಸಿಬಿಡ್ತಾರ. ನಾನೂ ಹಂಗ ಮಾಡಿದ್ದೆ.

ಅದರ ಕಥಿ ಹೇಳ್ತೀನಿ. ಎರಡು ವರ್ಷದ ಹಿಂದ ಮಾರ್ಚ್ ಕಡೀಕ, ಲಗ್ನದ ಸೀಜನ್ ಜೋರ್ ಇದ್ದಾಗ, ಕೋರಲ್‌ಡ್ರಾದಾಗ ಒಂದು ಜಾತ್ರಿ ಕರಪತ್ರಿಕೆ ಫೈಲ್ ತಗದೆ, ಅರ್ಧಕ್ಕ ನಿಂತು ಬಿಡ್ತು. ಮೌಸ್ ಅಲ್ಲಾಡ್ತೈತಿ, ಬಾಕಿ ಎಲ್ಲಾ ಗಪ್. ಪ್ರಿಂಟಿಂಗ್ ಮಷಿನ್ ಬಂದ್ ಮಾಡಿಸಿ ಕಂಪ್ಯೂಟರಿನ ಕ್ಯಾಬಿನೆಟ್ಟಿಗೆ ಕಿವಿ ಹಚ್ಚಿದ್ರ ಒಳಗ ಟಕ್ ಅಂತ ಸಪ್ಪಳ, ಮೂರ್ನಾಕು ಸೆಕೆಂಡ್ ತಡದು ಮತ್ತ ಟಕ್. ಅದರ ಆರು ತಿಂಗಳ ಮೊದಲ ಡಿಸ್ಕಿನ ತಬ್ಯತ್ ತೋರಿಸೋ ಸಾಫ್ಟ್‌ವೇರ್ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಆ ಡಿಸ್ಕಿನ ಮ್ಯಾಲ ಹಳದಿ ಬಣ್ಣದಾಗ ಕಾಷನ್, ಅಂದ್ರ ಎಚ್ಚರಿಕಿ, ಅಂತ ತೋರಿಸಿತ್ತು. ರಿಪೇರಿಗೆ ಬಂದ ಹುಡುಗ ನೋಡಿ, "ಅಣ್ಣಾರ, ಕೆಂಪ ಬಂದ್ರ ಅಷ್ಟ ಚಿಂತಿ ಮಾಡಬೇಕ್ರಿ, ಇದು ಇನ್ನಾ ಎರಡು ವರ್ಷ ನಡೀತೈತ್ರಿ" ಅಂದಿದ್ದ. ಕೆಟ್ಟ ಮನಸ್ಸಿಲೆ ಹೇಳಿದ್ದಲ್ಲ ಅವ, ಅವಗ ಗೊತ್ತಿದ್ದದ್ದು ಅಷ್ಟ. ನನಗ ಅಷ್ಟೂ ಗೊತ್ತಿರಲಿಲ್ಲ.

ಗಿರಾಕಿ ಕೆಲಸ ಹೋದ್ರ ತಿರುಗಿ ಮಾಡಿ ಕೊಡಬಹುದು, ರಾತ್ರಿ ಕುಂತ್ರ ಆತು. ಆ ಡಿಸ್ಕಿನಾಗ ಇನ್ನೊಂದು ಫೋಲ್ಡರ್ ಇತ್ತು. ನಮ್ಮ ಅಜ್ಜನ ಕಾಲಕ್ಕ ಕಂಪನಿ ನಾಟಕದ ಪೋಸ್ಟರ್ ಹೊಡಿಯಾಕ ಮರದ ಮೊಳೆ ಇದ್ವು, ಮೂರು ಇಂಚಿನವು, ಆರು ಇಂಚಿನವು, ಒಂದೊಂದು ಅಕ್ಷರ ಕೈಲೆ ಕೆತ್ತಿದ್ದು. ಗೆದ್ದಲ ಹತ್ತಿ ಅರ್ಧ ಹೋದ್ವು, ಉಳದಾವು ಹಾಳಾಗೂಕಿಂತ ಮೊದಲ ಅಪ್ಪ ಒಂದೊಂದಕ್ಕೂ ಮಸಿ ಹಚ್ಚಿ ನ್ಯೂಸ್‌ಪ್ರಿಂಟ್ ಹಾಳಿ ಮ್ಯಾಲ ಒತ್ತಿ ಪ್ರೂಫ್ ತಗದಿಟ್ಟಿದ್ರು, 62 ಹಾಳಿ. ನಾ ಅವನ್ನ 1200 ಡಿಪಿಐದಾಗ ಸ್ಕ್ಯಾನ್ ಮಾಡಿದೆ. ಮರು ವರ್ಷದ ಮಳಿಗಾಲಕ್ಕ ಮಾಳಿಗಿ ಸೋರಿ ಆ ಹಾಳಿ ಒಂದಕ್ಕೊಂದು ಹತ್ತಿಕೊಂಡು ಮುದ್ದಿ ಆದ್ವು. ಮೊಳೆ ಇಲ್ಲ, ಹಾಳಿ ಇಲ್ಲ, ಉಳದದ್ದು ಡಿಸ್ಕಿನಾಗಿನ ಸ್ಕ್ಯಾನ್ ಅಷ್ಟ.

ಡಿಸ್ಕ್ ಟಕ್ ಟಕ್ ಅನ್ನೂದು ಕೇಳಿದ ಕೂಡ್ಲೆ ಒಬ್ರು ವಿಂಡೋಸ್‌ದಾಗಿನ ಡಿಸ್ಕ್ ತಿದ್ದೋ ಕಮಾಂಡ್ ಚೆಕ್‌ಡಿಸ್ಕ್ ಹಚ್ಚು ಅಂದ್ರು, ಒಬ್ರು ಫಾರ್ಮ್ಯಾಟ್ ಹೊಡಿ ಅಂದ್ರು. ಪುಣ್ಯಾಕ್ಕ ಧಾರವಾಡದಾಗಿನ ನನ್ನ ಕ್ಲಾಸ್‌ಮೇಟ್‌ಗ ಫೋನ್ ಹಚ್ಚಿದೆ, ಅವ ಮೊದಲ ಹೇಳಿದ್ದು ಮಷಿನ್ ಆಫ್ ಮಾಡು, ಏನೂ ಹಚ್ಚಬ್ಯಾಡ ಅಂತ. ಸಾಯಾಕತ್ತಿದ ಡಿಸ್ಕಿನ ಮ್ಯಾಲ ಚೆಕ್‌ಡಿಸ್ಕ್ ಹಚ್ಚಿದ್ರ ಕೆಟ್ಟ ಜಾಗಾನ ಮತ್ತ ಮತ್ತ ಓದಿ ಓದಿ ಉಳದ ಜೀವಾನೂ ತಗೀತೈತಿ, ಮ್ಯಾಲ ಫೈಲಿನ ಕೊಂಡಿ ತಿದ್ದಾಕ ಹೋಗಿ ಇದ್ದದ್ದನ್ನೂ ಕೆಡಸ್ತೈತಿ. ಅವ ಬಸ್ ಹತ್ತಿ ಬಂದು ಲಿನಕ್ಸ್‌ನಾಗ ಗ್ನೂ ಡಿಡಿರೆಸ್ಕ್ಯೂ ಹಚ್ಚಿದ. ಇದರ ಚಂದ ಏನಂದ್ರ ಓದಾಕ ಬರೋ ಜಾಗಾ ಎಲ್ಲಾ ಮೊದಲ ಲಗೂ ಲಗೂ ಇನ್ನೊಂದು ಡಿಸ್ಕಿಗೆ ನಕಲ ಮಾಡ್ಕೊಂಡು, ಕಷ್ಟದ ಜಾಗಾ ಹಾರಿಸಿ ಹೋಗಿ, ಯಾವುದು ಬಂತು ಯಾವುದು ಬರಲಿಲ್ಲ ಅಂತ ಒಂದು ಮ್ಯಾಪ್ ಫೈಲಿನಾಗ ಬರದಿಡ್ತೈತಿ, ಆಮ್ಯಾಲ ತಿರುಗಿ ಬಂದು ಬಿಟ್ಟ ಜಾಗಾ ಅಷ್ಟ ಪ್ರಯತ್ನ ಮಾಡ್ತೈತಿ, ನಡುವ ಕರೆಂಟ್ ಹೋದ್ರೂ ಆ ಮ್ಯಾಪ್ ಇದ್ರ ಅಲ್ಲಿಂದನ ಮುಂದ ಹೋಗಬಹುದು. ಎರಡು ರಾತ್ರಿ ಒಂದು ಹಗಲ ಹಿಡೀತು. 62ರಾಗ 53 ಪೂರ್ತಿ ಬಂದ್ವು. 9 ಒಡದಿದ್ವು.

ಒಡದದ್ದು ಹೆಂಗಿರ್ತೈತಿ ಅಂತ ನೋಡಲಾರದವ್ರಿಗೆ ಹೇಳ್ತೀನಿ. ಆರು ಇಂಚಿನ "ಳ" ಅಕ್ಷರದ ಫೈಲ್ ತಗದ್ರ ಮ್ಯಾಲಿನ ಅರ್ಧ ಲಖ್ಖ ಐತಿ, ಮರದಾಗಿನ ಸೀಳು ಸುದ್ದಾ ಕಾಣತೈತಿ, ಮಸಿ ಹತ್ತಲಾರದ ಚುಕ್ಕಿ ಸುದ್ದಾ ಕಾಣತೈತಿ, ಅಲ್ಲಿಂದ ಕೆಳಗ ಗೆರಿ ಹೊಡದಂಗ ಒಂದ ಸಮ ಬೂದಿ ಬಣ್ಣ. ಅಪ್ಪ ಅದನ್ನ ಸ್ಕ್ರೀನ್ ಮ್ಯಾಲ ನೋಡಿ ಏನೂ ಅನ್ನಲಿಲ್ಲ. ಬೆರಳಿಲೆ ಕೆಳಗಿನ ಅರ್ಧ ಗಾಳ್ಯಾಗ ಬರದು ತೋರಿಸಿದ್ರು, ಹಿಂಗ ತಿರಗತಿತ್ತು ಇದರ ಬಾಲ ಅಂತ.

ಆಮ್ಯಾಲ ನಾ ಇದರ ಬೆನ್ನ ಹತ್ತಿದೆ. ಗೊತ್ತಾದ ಮೊದಲನೇ ಸಂಗತಿ, ಆ ಡಿಸ್ಕ್ ಸಾಯೂಕಿಂತ ಮೊದಲ ತಾನ ಹೇಳಿತ್ತು, ನಾ ಓದಿರಲಿಲ್ಲ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದ ಹಳೇ ಸ್ಕ್ರೀನ್‌ಶಾಟ್ ಒಂದು ಇತ್ತು, ಅದರಾಗ ಕರೆಂಟ್ ಪೆಂಡಿಂಗ್ ಸೆಕ್ಟರ್ (ಸೆಕ್ಟರ್ ಅಂದ್ರ ಡಿಸ್ಕಿನ ಒಂದು ಸಣ್ಣ ಖಾನಿ) ಅನ್ನೋ ಸಾಲಿನ ಮುಂದ ಒಂದಿಷ್ಟು ಸೊನ್ನೆ, ಕಡೀಕ 60. ಅರವತ್ತು ಅಂತ ತಿಳದಿದ್ದೆ. ಆ ಸಾಫ್ಟ್‌ವೇರ್ ರಾ ವ್ಯಾಲ್ಯೂ ಅನ್ನೋ ಕಾಲಮ್ಮನ್ನ ಹೆಕ್ಸ್‌ನಾಗ ತೋರಸ್ತೈತಿ, ಹದಿನಾರರ ಲೆಕ್ಕ, ಅಲ್ಲಿನ 60 ಅಂದ್ರ ನಮ್ಮ ಲೆಕ್ಕದಾಗ 96. ನೀವೂ ಬಳಸ್ತಿದ್ರ ಫಂಕ್ಷನ್ ಮೆನುದಾಗ ಅಡ್ವಾನ್ಸ್ಡ್ ಫೀಚರ್ ಒಳಗ ರಾ ವ್ಯಾಲ್ಯೂಸ್ ಅಂತೈತಿ, ಅದನ್ನ 10ರ ಲೆಕ್ಕಕ್ಕ ಇಟ್ಕೋರಿ, ಇವತ್ತ ಮಾಡ್ರಿ. 96 ಅಂದ್ರೂ ಅದನ್ನ ಎಂಟರಿಂದ ಭಾಗಿಸಬೇಕಾಗ್ತೈತಿ, ಯಾಕಂದ್ರ ಆ ಡಿಸ್ಕಿನಾಗ ಒಂದು ಖರೇ ಸೆಕ್ಟರ್ 4096 ಬೈಟಿನದು, ಲೆಕ್ಕಾ ಇಡೂದು 512 ಬೈಟಿನ ತುಂಡಿನಾಗ, ಅದಕ್ಕ ಒಂದು ಜಾಗಾ ಕೆಟ್ರ ನಂಬರ್ ಎಂಟು ಏರತಿತ್ತು. 12 ಜಾಗಾ ಓದಾಕ ಬರವಲ್ದು ಅಂತ ಅದು ಹೇಳಾಕತ್ತಿತ್ತು.

ಇದನ್ನೆಲ್ಲಾ ಡಿಸ್ಕ್ ತನ್ನೊಳಗ ತಾನ ಬರದಿಟ್ಕೋತೈತಿ, ಅದಕ್ಕ ಸ್ಮಾರ್ಟ್ ಅಂತಾರ, ಸೆಲ್ಫ್ ಮಾನಿಟರಿಂಗ್ ಅನಾಲಿಸಿಸ್ ಅಂಡ್ ರಿಪೋರ್ಟಿಂಗ್ ಟೆಕ್ನಾಲಜಿ. ಹೊಸಾ ಸಂಗತಿ ಅಲ್ಲ. ಐಬಿಎಂ 1992ರಾಗ ತನ್ನ ದೊಡ್ಡ ಮಷಿನ್‌ಗಳ ಡಿಸ್ಕಿಗೆ ಇಂಥಾದ್ದೊಂದು ತಂದಿತ್ತು, 1995ರ ಸುಮಾರ ಕಾಂಪ್ಯಾಕ್ ಅನ್ನೋ ಕಂಪ್ಯೂಟರ್ ಕಂಪನಿ ಡಿಸ್ಕ್ ಕಂಪನಿಗಳನ್ನ ಕೂಡ್ಸಿಕೊಂಡು ಇಂಟೆಲಿಸೇಫ್ ಅಂತ ಮಾಡ್ತು, ಅದ ಮುಂದ ಎಲ್ಲಾ ಡಿಸ್ಕಿಗೂ ಬಂತು. ನಿಮ್ಮ ಮನಿಯಾಗಿನ ಹತ್ತು ವರ್ಷದ ಹಳೇ ಡಿಸ್ಕಿನಾಗೂ ಈ ಖಾತೆ ಪುಸ್ತಕ ಐತಿ. ತಗದು ಓದೋರು ಇಲ್ಲ ಅಷ್ಟ.

ಅದರಾಗ ಇಪ್ಪತ್ತು ಮೂವತ್ತು ಸಾಲು ಇರ್ತಾವ, ಎಲ್ಲಾ ನೋಡಿ ಗಾಬರಿ ಆಗಬ್ಯಾಡ್ರಿ. ನಾ ಮೊದಲ ನೋಡೂದು 5ನೇ ನಂಬರ್, ರೀಅಲೊಕೇಟೆಡ್ ಸೆಕ್ಟರ್. ಮೊಳೆ ಕೇಸಿನಾಗ ಒಂದು ಖಾನಿ ತಳಾ ಒಡೀತು ಅಂತ ತಿಳಕೋರಿ, ಆ ಖಾನಿಗೆ ಚೀಟಿ ಅಂಟಿಸಿ ಮೊಳೆ ಎಲ್ಲಾ ಕಡೀಲಿನ ಖಾಲಿ ಖಾನಿಗೆ ಹಾಕ್ತೀವಲ್ಲ, ಡಿಸ್ಕೂ ಹಂಗ ಕೆಟ್ಟ ಜಾಗಾ ಬಿಟ್ಟು ಮೀಸಲಿಟ್ಟ ಜಾಗಾಕ್ಕ ಕಳಸ್ತೈತಿ, ಎಷ್ಟು ಸಲ ಕಳಸೈತಿ ಅನ್ನೂದು 5ನೇ ಸಾಲು. 197 ಪೆಂಡಿಂಗ್, ಅಂದ್ರ ಓದಾಕ ಬರವಲ್ದು, ಇನ್ನಾ ನಿರ್ಧಾರ ಆಗಿಲ್ಲ. ಅದರ ಮ್ಯಾಲ ಮುಂದ ಯಾವಾಗರ ಹೊಸಾದು ಏನರ ಬರದ್ರ ಅವಾಗ ಡಿಸ್ಕ್ ನೋಡ್ತೈತಿ, ಬರಿಯಾಕ ಬಂದ್ರ ಪೆಂಡಿಂಗ್ ಇಳೀತೈತಿ, ಬರಲಿಲ್ಲಂದ್ರ ಜಾಗಾ ಬದಲ ಮಾಡಿ 5ನೇದನ್ನ ಏರಸ್ತೈತಿ. ಫಾರ್ಮ್ಯಾಟ್ ಹೊಡದ ಮ್ಯಾಲ ಡಿಸ್ಕ್ ಸುದ್ದ ಆತು ಅಂತ ಅನಸೂದು ಇದಕ್ಕ. ನಂಬರ್ ಇಳದಿರ್ತೈತಿ, ಆದ್ರ ಆ ಜಾಗಾದಾಗಿದ್ದ ನಿಮ್ಮ ಫೋಟೋ ಹೋಗೇ ಬಿಟ್ಟಿರ್ತೈತಿ. ಆಮ್ಯಾಲ 198, 187, 188 ನೋಡ್ತೀನಿ, ತಿದ್ದಾಕ ಬರಲಾರದ ತಪ್ಪು, ಹೇಳಿದ ಕೆಲಸಕ್ಕ ಹೊತ್ತಿಗೆ ಉತ್ತರ ಕೊಡಲಾರದ್ದು, ಇಂಥಾವು. ಸೀಗೇಟ್ ಕಂಪನಿ ಡಿಸ್ಕಿನಾಗ 1 ಮತ್ತ 7ನೇ ಸಾಲಿನಾಗ ಕೋಟಿಗಟ್ಟಲೆ ನಂಬರ್ ಕಾಣತಾವ, ಅದು ಬರೆಯೋ ರೀತಿನ ಬ್ಯಾರೆ, ತಪ್ಪಿನ ಸಂಖ್ಯಾನೂ ಒಟ್ಟು ಕೆಲಸದ ಸಂಖ್ಯಾನೂ ಒಂದರಾಗ ಕೂಡಿಸಿಟ್ಟಿರ್ತಾರ, ಅದಕ್ಕ ಹೆದರಬ್ಯಾಡ್ರಿ.

ಭಾಳ ಮಂದಿ ಮೋಸ ಹೋಗೂದು ಎಲ್ಲಿ ಅಂದ್ರ ಕಡೀಕ ಬರೋ ಪಾಸ್ಡ್ ಅನ್ನೋ ಒಂದು ಶಬ್ದಕ್ಕ. ಕಂಪನಿಯವರು ಒಂದೊಂದು ಸಾಲಿಗೆ ಒಂದು ಗಡಿ ಇಟ್ಟಿರ್ತಾರ, ಆ ಗಡಿ ದಾಟೂ ತನಕ ಡಿಸ್ಕ್ ತಾನು ಪಾಸ್ ಅಂತನ ಹೇಳ್ತೈತಿ, ಮತ್ತ ಆ ಗಡಿ ಭಾಳ ದೂರ ಇರ್ತೈತಿ. ನನ್ನ ಡಿಸ್ಕ್ ಟಕ್ ಟಕ್ ಅಂತ ಸಾಯಾಕತ್ತಾಗೂ ಸ್ಮಾರ್ಟ್ ಹೆಲ್ತ್ ಪಾಸ್ಡ್ ಅಂತನ ಬರ್ತಿತ್ತು. ಅದಕ್ಕ ನಾ ಶಬ್ದ ನೋಡೂದು ಬಿಟ್ಟೇನಿ, ಹೋದ ತಿಂಗಳ ನಂಬರ್ ಎಷ್ಟಿತ್ತು, ಈ ತಿಂಗಳ ಎಷ್ಟೈತಿ, ಇದನ್ನಷ್ಟ ನೋಡ್ತೀನಿ. 5ನೇ ಸಾಲಿನಾಗ 8 ಇದ್ದು ಮೂರು ವರ್ಷ 8 ಇದ್ರ ಬಳಸ್ರಿ, ಏನಿಲ್ಲ. 8 ಇದ್ದದ್ದು ಎರಡು ವಾರದಾಗ 40 ಆತು ಅಂದ್ರ ಅವತ್ತ ಅಂಗಡಿಗೆ ಹೋಗ್ರಿ.

ಇದಕ್ಕ ಲೆಕ್ಕಾನೂ ಐತಿ. ಗೂಗಲ್‌ನವರು 2007ರಾಗ ತಮ್ಮ ಒಂದು ಲಕ್ಷಕ್ಕ ಮ್ಯಾಲಿನ ಡಿಸ್ಕ್ ನೋಡಿ ಒಂದು ಪೇಪರ್ ಹೊರಗ ಹಾಕಿದ್ರು. ಮೊದಲನೇ ಸ್ಕ್ಯಾನ್ ಎರರ್, ಅಂದ್ರ ಡಿಸ್ಕ್ ತನ್ನ ಜಾಗಾ ತಾನ ತಪಾಸ ಮಾಡೂವಾಗ ಸಿಕ್ಕ ತಪ್ಪು, ಬಂದ ಡಿಸ್ಕ್ ಮುಂದಿನ 60 ದಿನದಾಗ ಕೆಡೋ ಸಾಧ್ಯತಾ ಅದು ಬರಲಾರದ ಡಿಸ್ಕಿಗಿಂತ 39 ಪಟ್ಟು ಹೆಚ್ಚು ಅಂತ ಅವರಿಗೆ ಕಂಡಿತು. ಅದ ಪೇಪರಿನಾಗ ಇನ್ನೊಂದು ಮಾತೂ ಐತಿ, ಕೆಟ್ಟ ಡಿಸ್ಕಿನೊಳಗ ನೂರಕ್ಕ 36ಕ್ಕಿಂತ ಹೆಚ್ಚಿನವು, ಟೆಂಪರೇಚರ್ ಒಂದು ಬಿಟ್ಟು, ಸ್ಮಾರ್ಟ್‌ನಾಗ ಯಾವ ಸುಳುವೂ ಕೊಡಲಾರದ ಹೋದ್ವು. ಬ್ಯಾಕ್‌ಬ್ಲೇಜ್ ಅನ್ನೋ ಬ್ಯಾಕಪ್ ಕಂಪನಿ 2016ರಾಗ ಮ್ಯಾಲೆ ಹೇಳಿದ 5, 187, 188, 197, 198 ಈ ಐದು ಸಾಲು ಇಟ್ಕೊಂಡು ನೋಡಿದ್ರ, ಕೆಟ್ಟ ಡಿಸ್ಕಿನೊಳಗ 76.7 ಪರ್ಸೆಂಟಿನವು ಒಂದರ ಸಾಲಿನಾಗ ಸೊನ್ನೆ ಬಿಟ್ಟು ಏನರ ತೋರಿಸಿದ್ವು, 23.3 ಪರ್ಸೆಂಟ್ ಏನೂ ತೋರಿಸಲಿಲ್ಲ, ಛೊಲೋ ನಡದ ಡಿಸ್ಕಿನೊಳಗೂ 4.2 ಪರ್ಸೆಂಟ್ ಹಂಗ ತೋರಿಸಾಕತ್ತಿದ್ವು. ಹಂಗಾಗಿ ನಾಕರಾಗ ಮೂರು ಡಿಸ್ಕ್ ಮೊದಲ ಹೇಳಿ ಸಾಯ್ತಾವ ಅಂತ ತಿಳಕೋರಿ. ಉಳದ ಒಂದಕ್ಕ ಬ್ಯಾಕಪ್ ಬಿಟ್ಟು ಬ್ಯಾರೆ ದಾರಿ ಇಲ್ಲ. ನಾ ಈ ಪೋಸ್ಟಿನಾಗ ಬರದ ಯಾವ ಸಾಫ್ಟ್‌ವೇರೂ ಬ್ಯಾಕಪ್ಪಿನ ಬದಲಿ ಆಗೂದಿಲ್ಲ, ಇದನ್ನ ಕೈ ಮುಗದು ಹೇಳ್ತೀನಿ.

ಈಗ ಹಿಂದಿನ ಖೋಲ್ಯಾಗ ನಡದ ಕೆಲಸ. ಹೊಸಾ ಡಿಸ್ಕ್ ತಂದ್ರ ಮೊದಲ ಬಾಕಿ ಎಲ್ಲಾ ಡಿಸ್ಕಿನ ಕೇಬಲ್ ಕಿತ್ತು ಬಾಜೂಕ ಇಡ್ತೀನಿ, ಯಾಕಂದ್ರ ಮುಂದ ಹೇಳೋ ಬರಿಯೋ ಟೆಸ್ಟು ಡಿಸ್ಕಿನಾಗಿದ್ದದ್ದನ್ನ ಪೂರ್ತಿ ಅಳಸ್ತೈತಿ, ಹೆಸರಿನಾಗ ಒಂದಕ್ಷರ ತಪ್ಪಿ ಟೈಪ್ ಮಾಡಿದ್ರ ಕೆಲಸದ ಡಿಸ್ಕ್ ಹೋಗ್ತೈತಿ. ಆಮ್ಯಾಲ ಪೆನ್‌ಡ್ರೈವಿನಿಂದ ಉಬುಂಟು ಅನ್ನೋ ಲಿನಕ್ಸ್ ಬೂಟ್ ಮಾಡಿ, ಸ್ಮಾರ್ಟ್ ನಂಬರ್ ಓದೋ ಸ್ಮಾರ್ಟ್‌ಮಾನ್‌ಟೂಲ್ಸ್ ಹಾಕ್ಕೋತೀನಿ, ಫ್ರೀ ಐತಿ, 2002ರಿಂದ ಐತಿ, ಅದನ್ನ ಶುರು ಮಾಡಿದವರು ಬ್ರೂಸ್ ಅಲೆನ್ ಅಂತ ಒಬ್ಬ ಫಿಸಿಕ್ಸ್ ವಿಜ್ಞಾನಿ. ಅದರಾಗಿನ ಸ್ಮಾರ್ಟ್‌ಸಿಟಿಎಲ್ ಕಮಾಂಡಿಲೆ ಎಲ್ಲಾ ನಂಬರ್ ತಗದು ಒಂದು ಫೈಲಿನಾಗ ಇಟ್ಟು, ಶಾರ್ಟ್ ಟೆಸ್ಟ್ ಹಚ್ಚಿದ್ರ ಎರಡು ಮಿನಿಟಿನಾಗ ಮುಗೀತೈತಿ, ಲಾಂಗ್ ಟೆಸ್ಟ್ ಹಚ್ಚಿದ್ರ ಡಿಸ್ಕ್ ತನ್ನ ಒಂದೊಂದು ಸೆಕ್ಟರ್ ತಾನ ಓದ್ಕೋತ ಹೋಗ್ತೈತಿ, ಈ 4 ಟಿಬಿಗೆ ಎಂಟು ತಾಸಿನ ಹತ್ರ ಹಿಡೀತು. ಕಮಾಂಡ್ ಬ್ಯಾಡ ಅನ್ನೋರಿಗೆ ಜಿಸ್ಮಾರ್ಟ್‌ಕಂಟ್ರೋಲ್ ಅಂತ ಬಟನ್ ಇರೋದು ಐತಿ, ವಿಂಡೋಸ್‌ನಾಗೂ ನಡೀತೈತಿ. ಯುಎಸ್‌ಬಿ ಡಬ್ಬಿಯೊಳಗಿನ ಡಿಸ್ಕ್ ಆದ್ರ ಲಾಂಗ್ ಟೆಸ್ಟ್ ನಡುವ ಅದು ನಿದ್ದಿ ಹೋಗಿ ಟೆಸ್ಟ್ ಬಂದ್ ಬೀಳೂದು ಐತಿ, ಅದಕ್ಕ ನಾ ಡಿಸ್ಕ್ ಸೀದಾ ಮದರ್‌ಬೋರ್ಡಿನ ಸಾಟಾ ಕೇಬಲ್ಲಿಗೆ ಹಚ್ಚತೀನಿ.

ಲಾಂಗ್ ಟೆಸ್ಟ್ ಓದೂದಷ್ಟ ಮಾಡ್ತೈತಿ. ಬರಿಯೂದು ನೋಡಬೇಕಂದ್ರ ಬ್ಯಾಡ್‌ಬ್ಲಾಕ್ಸ್ ಅನ್ನೋ ಲಿನಕ್ಸ್ ಕಮಾಂಡ್ ಬೇಕು. ಇದು ಡಿಸ್ಕಿನ ತುಂಬ ಒಂದ ನಮೂನಿ ಬರೀತೈತಿ, ಮೊದಲನೇ ಸಲ ಒಂದು ಸೊನ್ನೆ ಒಂದು ಸೊನ್ನೆ, ಎರಡನೇ ಸಲ ಅದನ್ನ ತಿರುವಿ ಸೊನ್ನೆ ಒಂದು ಸೊನ್ನೆ ಒಂದು, ಮೂರನೇ ಸಲ ಬರೇ ಒಂದು, ನಾಕನೇ ಸಲ ಬರೇ ಸೊನ್ನೆ. ಪ್ರತಿ ಸಲ ಕಡೀತನಕ ಬರದು ಮತ್ತ ಮೊದಲಿಂದ ಓದಿ ತಾಳಿ ನೋಡ್ತೈತಿ. ಹಿಂಗಾಗಿ ಒಂದೊಂದು ಬಿಟ್ಟಿನ ಜಾಗಾನೂ ಎರಡೂ ಕಡೆ ಹೊರಳಿ ಬರ್ತೈತಿ. ಲೆಕ್ಕಾ ಹಾಕ್ರಿ, ನಾಕು ಸಲ ಬರಿಯೂದು ನಾಕು ಸಲ ಓದೂದು, 4 ಟಿಬಿಗೆ 32 ಟಿಬಿ ಓಡಾಟ, ಸೆಕೆಂಡಿಗೆ ಸರಾಸರಿ 150 ಎಂಬಿ ಹಿಡದ್ರೂ 59 ತಾಸು. ಎರಡೂವರಿ ದಿನ ಡಿಸ್ಕಿನ ಹೆಡ್ಡಿಗೆ ಪುರುಸೊತ್ತಿಲ್ಲ. ತಯಾರಾಗೂವಾಗನ ಏನರ ಐಬು ಇದ್ರ, ಲಾರ್‍ಯಾಗ ಬಡಿಸಿಕೊಂಡು ಬಂದಿದ್ರ, ಈ ಎರಡೂವರಿ ದಿನದಾಗ ಹೊರಗ ಬೀಳೂ ಸಂಭವ ಹೆಚ್ಚು, ಮತ್ತ ಬಿದ್ರ ಅಂಗಡ್ಯಾಗ ಬದಲಿ ಕೊಡೋ ದಿನಾ ಇನ್ನಾ ಮುಗದಿರೂದಿಲ್ಲ. ಹೋದ ವರ್ಷ ಒಂದು ಡಿಸ್ಕಿನಾಗ ಎರಡನೇ ಸುತ್ತಿಗೆ ಪೆಂಡಿಂಗ್ 24 ಬಂತು, ನಂಬರ್ ಇದ್ದ ಹಾಳಿ ಪ್ರಿಂಟ್ ತಗೊಂಡು ಹೋಗಿ ತೋರಿಸಿದೆ, ತಕರಾರು ಇಲ್ಲದ ಬದಲಿ ಮಾಡಿ ಕೊಟ್ರು. ಅದರಾಗ ನನ್ನ ಒಂದು ಫೈಲೂ ಇರಲಿಲ್ಲ, ಅದಕ್ಕ ಕೊಡೂವಾಗ ಕೈ ನಡಗಲಿಲ್ಲ.

ನಾಕು ನಮೂನಿನೂ ಒಮ್ಮೆಲೆ ಕೊಡಲಾರದ ಒಂದೊಂದನ್ನ ಬ್ಯಾರೆ ಬ್ಯಾರೆ ಕಮಾಂಡಿಲೆ ಕೊಡ್ತೀನಿ, ಯಾಕಂದ್ರ ನಮ್ಮ ಕಡೆ ಕರೆಂಟ್. ಈ ಸಲಾನೂ ಮಂಗಳವಾರ ಮಧ್ಯಾಹ್ನ ಒಂದು ತಾಸು ಹೋತು, ಯುಪಿಎಸ್ ಇಪ್ಪತ್ತು ಮಿನಿಟ್ ತಡಕೊಂಡು ಮಲಗಿತು, ಮೊದಲನೇ ನಮೂನಿ ಬರದು ಮುಗದು ಓದೂದು ಅರ್ಧಕ್ಕ ಬಂದಿತ್ತು, ಅದೊಂದನ್ನ ತಿರುಗಿ ಮಾಡಿಸಿದೆ. ಹತ್ತು ತಾಸು ಹೋತು, ಹೋಗ್ಲಿ. ಇನ್ನ ಬಿಸಲು. ಏಪ್ರಿಲ್‌ನಾಗ ನಮ್ಮ ತಗಡಿನ ಖೋಲಿ ಒಲಿ ಇದ್ದಂಗ ಇರ್ತೈತಿ, ಫ್ಯಾನ್ ಇಲ್ಲದ ಹಚ್ಚಿದಾಗ 194ನೇ ಸಾಲು, ಅಂದ್ರ ಟೆಂಪರೇಚರ್, ಎರಡು ತಾಸಿಗೆ 51ಕ್ಕ ಹೋತು, ಟೇಬಲ್ ಫ್ಯಾನ್ ಹಚ್ಚಿದ ಮ್ಯಾಲ 41ಕ್ಕ ಇಳದು ಅಲ್ಲೇ ನಿಂತೈತಿ. ಗೂಗಲ್‌ನವರ ಲೆಕ್ಕದಾಗ ಬಿಸಿಗೂ ಡಿಸ್ಕ್ ಕೆಡೂದಕ್ಕೂ ಮಂದಿ ತಿಳಕೊಂಡಷ್ಟು ದೊಡ್ಡ ಸಂಬಂಧ ಕಾಣಲಿಲ್ಲ ಖರೆ, ಆದ್ರ ಅವರ ಡಿಸ್ಕ್ ತಂಪ ಖೋಲ್ಯಾಗ ಇದ್ವು, ನಮ್ಮವು ತಗಡಿನ ಕೆಳಗ ಅದಾವ, ಫ್ಯಾನಿನ ಕರೆಂಟ್ ಬಿಲ್ಲಿಗೆ ಹಿಂದಮುಂದ ನೋಡಬಾರದು.

ಎಲ್ಲಾ ಎರರೂ ಡಿಸ್ಕಿಂದ ಅಲ್ಲ ಅನ್ನೂದಕ್ಕ ಒಂದು ಉದಾಹರಣಿ. ಬೆಟಗೇರ್‍ಯಾಗ ನಮ್ಮ ಪರಿಚಯದವರ ಪ್ರೆಸ್ಸಿನಾಗ ಫೈಲ್ ಕಾಪಿ ಮಾಡೂವಾಗ ನಿಂತು ನಿಂತು ಹೋಗ್ತೈತಿ, ಡಿಸ್ಕ್ ಹೋತು ಅಂತ ಹೊಸಾದು ತರಾಕ ರೊಕ್ಕಾ ತಗದಿಟ್ಟಿದ್ರು. ಹೋಗಿ ನೋಡಿದ್ರ 5, 197, 198 ಮೂರೂ ಸೊನ್ನೆ, 199ನೇ ಸಾಲು ಅಷ್ಟ 1,800 ಚಿಲ್ರ. ಅದು ಸಿಆರ್‌ಸಿ ಎರರ್, ಡಿಸ್ಕಿಗೂ ಬೋರ್ಡಿಗೂ ನಡುವ ಹೋಗೂವಾಗ ಮಾತು ಕೆಟ್ಟೈತಿ ಅಂತ ಅರ್ಥ. ಸಾಟಾ ಕೇಬಲ್ ಇಲಿ ಕಡದದ್ದೋ ಮಡಚಿದ್ದೋ, ಒಂದು ಕಡೆ ಹಿಂಜಿತ್ತು. ಹೊಸಾ ಕೇಬಲ್ ಹಾಕಿ ಒಂದು ರಾತ್ರಿ ಕಾಪಿ ಹಚ್ಚಿದ್ವಿ, ನಂಬರ್ ಅಲ್ಲೇ ನಿಂತಿತು. ಆ ನಂಬರ್ ತಿರುಗಿ ಸೊನ್ನೆ ಆಗೂದಿಲ್ಲ, ಅದಕ್ಕ ಡಿಸ್ಕಿನ ಮ್ಯಾಲ ಬಿಳೇ ಪಟ್ಟಿ ಅಂಟಿಸಿ ಇವತ್ತಿನ ತಾರೀಖು, ಇಷ್ಟು, ಕೇಬಲ್ ಬದಲಿ ಅಂತ ಸ್ಕೆಚ್ ಪೆನ್ನಿಲೆ ಬರದು ಬಂದೆ.

ಸೆಕೆಂಡ್ ಹ್ಯಾಂಡ್ ತಗೋಳೋರು 9ನೇ ಸಾಲು, ಪವರ್ ಆನ್ ಅವರ್ಸ್, ನೋಡಲಾರದ ರೊಕ್ಕಾ ಕೊಡಬ್ಯಾಡ್ರಿ. ಗೆಳೆಯಾ ಒಬ್ಬ ಒಂದ ವರ್ಷ ಬಳಸಿದ್ದು ಅಂತ ಹೇಳಿದ ಡಿಸ್ಕ್ ತಂದ, ನೋಡಿದ್ರ 41,000 ತಾಸು. ವರ್ಷಕ್ಕ 8,760 ತಾಸು, ನಾಕೂವರಿ ವರ್ಷಕ್ಕ ಮ್ಯಾಲ ಹಗಲೂ ರಾತ್ರಿ ನಡದದ್ದು, ಬಹುತೇಕ ಸಿಸಿಟಿವಿ ಡಬ್ಬ್ಯಾಗ ಇದ್ದದ್ದು. ಈ ತಾಸಿನ ಲೆಕ್ಕಾ ಸುದ್ದಾ ಸೊನ್ನೆ ಮಾಡೋ ಮಂದಿ ಅದಾರ. 2025ರ ಶುರುವಿಗೆ ಜರ್ಮನಿಯಾಗ ಹೊಸಾವು ಅಂತ ಮಾರಾಟ ಆದ ಸೀಗೇಟ್ ಡಿಸ್ಕ್‌ಗಳು ಮೊದಲ ಬಳಸಿದ್ವು ಅನ್ನೂದು ಹೊರಗ ಬಂತು, ನಡುವಿನ ಯಾರೋ ಸ್ಮಾರ್ಟ್ ಅಳಿಸಿದ್ರು, ಆದ್ರ ಆ ಡಿಸ್ಕಿನೊಳಗ ಫಾರ್ಮ್ ಅನ್ನೋ ಇನ್ನೊಂದು ಲಾಗ್ ಇರ್ತೈತಿ, ಅದರಾಗ ಖರೇ ತಾಸು ಉಳದಿತ್ತು. ಸ್ಮಾರ್ಟ್‌ಸಿಟಿಎಲ್ 7.4 ಮತ್ತ ಅದರ ಮುಂದಿನ ಆವೃತ್ತಿ ಅದನ್ನ ಓದತೈತಿ. ನಾ ಸೀಗೇಟ್ ತಂದಾಗೆಲ್ಲಾ ಎರಡೂ ತಗದು ಹೊಂದಿಸಿ ನೋಡ್ತೀನಿ.

ಎಸ್‌ಎಸ್‌ಡಿಗೆ ಮಾತ್ರ ಈ ಬ್ಯಾಡ್‌ಬ್ಲಾಕ್ಸ್ ಬರಿಯೋ ಟೆಸ್ಟ್ ಹಚ್ಚಬ್ಯಾಡ್ರಿ, ಅದು ತಿರಗೋ ತಟ್ಟಿ ಇಲ್ಲದ ಚಿಪ್ಪಿನ ಡಿಸ್ಕ್, ಅದರ ಆಯುಷ್ಯನ ಬರದಷ್ಟು ಸವೀತೈತಿ, ಎನ್‌ವಿಎಂಇ ನಮೂನಿ ಎಸ್‌ಎಸ್‌ಡಿ ಆದ್ರ ಎಷ್ಟು ಸವದೈತಿ ಅಂತ ಹೇಳೋ ಪರ್ಸೆಂಟೇಜ್ ಯೂಸ್ಡ್ ಅನ್ನೋ ಸಾಲು ನೋಡ್ರಿ ಸಾಕು. ಪೆನ್‌ಡ್ರೈವಿಗೆ, ಖರೇ ಎಷ್ಟು ಹಿಡೀತೈತಿ ಅಂತ ಬರದು ಓದಿ ನೋಡೋ ಎಚ್2ಟೆಸ್ಟ್‌ಡಬ್ಲ್ಯೂ ಸಾಫ್ಟ್‌ವೇರ್ ಐತಿ. ಗಿರಾಕಿ 1 ಟಿಬಿ ಅಂತ ನಾಕನೂರು ರೂಪಾಯಿ ಕೊಟ್ಟು ತಂದ ಪೆನ್‌ಡ್ರೈವ್ ಒಂದನ್ನ ಹಚ್ಚಿದ್ವಿ, 29 ಜಿಬಿ ಆದ ಮ್ಯಾಲ ಬರದದ್ದೆಲ್ಲಾ ಸುಳ್ಳು. ಮಗಳ ಲಗ್ನದ ಫೋಟೋ ಅದರಾಗ ಹಾಕ್ಕೊಂಡು ಹೋಗಬೇಕಂತ ತಂದಿದ್ರು ಅವರು.

ನಂಬರ್ ಬರದಿಡೂದಕ್ಕ ನಾ ಏನೂ ದೊಡ್ಡ ವ್ಯವಸ್ಥಾ ಮಾಡಿಲ್ಲ. ಲಿನಕ್ಸ್‌ನಾಗ ಸ್ಮಾರ್ಟ್‌ಡಿ ಅಂತ ಐತಿ, ತಾನ ಅರ್ಧ ತಾಸಿಗೊಮ್ಮೆ ನೋಡಿ ಏನರ ಏರಿದ್ರ ಮೇಲ್ ಕಳಸ್ತೈತಿ, ಯಾವಾಗಲೂ ಚಾಲೂ ಇರೋ ಮಷಿನಿಗೆ ಅದು ಛೊಲೋ. ನಮ್ಮ ಪ್ರೆಸ್ಸಿನಾಗ ತಿಂಗಳಾ ಅಮಾವಾಸಿಗೆ ಮಷಿನ್ ಪೂಜಾ ಮಾಡ್ತೀವಿ, ಆಫ್‌ಸೆಟ್ ಒರಸಿ, ಕಟಿಂಗ್ ಮಷಿನಿಗೆ ಎಣ್ಣಿ ಬಿಟ್ಟು, ಕಾಯಿ ಒಡದ ಮ್ಯಾಲ ಜಾಬ್ ರಜಿಸ್ಟರಿನ ಕಡೀ ಹಾಳ್ಯಾಗ ಪ್ರತಿ ಡಿಸ್ಕಿಗೆ ಒಂದು ಸಾಲು ಬರೀತೀನಿ, 5, 197, 198, 187, 199, ತಾಸು. ಈಗ ಇಪ್ಪತ್ತೆರಡು ಅಮಾವಾಸಿ ಆದ್ವು. ಕೆಲಸದ ಡಿಸ್ಕಿನ ಮುಂದ ಇಪ್ಪತ್ತೆರಡು ಸಲ ಸೊನ್ನೆ ಐತಿ, ಬ್ಯಾಕಪ್ ಡಿಸ್ಕಿನಾಗ ಹೋದ ಎರಡು ತಿಂಗಳ 5ನೇ ಸಾಲು 0 ಇದ್ದದ್ದು 8, 8 ಇದ್ದದ್ದು 24 ಆತು. ಅದಕ್ಕ ಈ 4 ಟಿಬಿ ಬಂತು.

ಇದನ್ನ ಶುರು ಮಾಡಿದ್ದು ಬುಧವಾರ, ಗಿರಾಕಿ ನಡುವ ಒಂದಿಷ್ಟು ಒಂದಿಷ್ಟು ಬರದು ಈಗ ಶುಕ್ರವಾರ ಮುಂಜಾನೆ ಹತ್ತು ಗಂಟೆ. ರಾತ್ರಿ ಒಂದರ ಸುಮಾರ ನಾಕನೇ ಸುತ್ತು ಮುಗೀತು, ಸ್ಕ್ರೀನ್ ಮ್ಯಾಲ ಕೆಟ್ಟ ಬ್ಲಾಕ್ 0 ಅಂತ ಬಂತು, ಎದ್ದು ಇನ್ನೊಂದು ಲಾಂಗ್ ಟೆಸ್ಟ್ ಹಚ್ಚಿ ಮಲಗಿದೆ, ಅದೂ ಎರರ್ ಇಲ್ಲದ ಮುಗದೈತಿ. ಸೋಮವಾರದ ಫೈಲೂ ಇವತ್ತಿನ ಫೈಲೂ ಬಾಜೂ ಬಾಜೂ ಇಟ್ಟು ನೋಡಿದೆ, ತಾಸು ಬಿಟ್ಟು ಟೆಂಪರೇಚರ್ ಬಿಟ್ಟು, ನಾ ನೋಡೋ ಸಾಲು ಯಾವುದೂ ಅಲ್ಲಾಡಿಲ್ಲ. ಈಗ ಕಾಪಿ ಹಚ್ಚೇನಿ. ಮೊದಲನೇ ಫೋಲ್ಡರ್ ಮರದ ಮೊಳೆ, ಆ 53 ಫೈಲ್. ಪ್ರತಿಯೊಂದಕ್ಕೂ ಒಂದು ಹ್ಯಾಶ್, ಅಂದ್ರ ಫೈಲಿನ ಬೆರಳಚ್ಚಿನಂಥಾ ನಂಬರ್, ತಗದಿಟ್ಟೇನಿ, ಕಾಪಿ ಆದ ಮ್ಯಾಲ ಹೊಂದಿಸಿ ನೋಡಾಕ, ಯಾಕಂದ್ರ ಡಿಸ್ಕ್ ಛೊಲೋ ಇದ್ರೂ ಫೈಲ್ ಛೊಲೋ ಐತೋ ಇಲ್ಲೋ ಸ್ಮಾರ್ಟ್ ಹೇಳೂದಿಲ್ಲ.

54ನೇದು ಒಂದು ಬರಾಕತ್ತೈತಿ. ನಿನ್ನೆ ಸಂಜಿಕ ಅಪ್ಪ ಟ್ರೇಸಿಂಗ್ ಹಾಳಿ ಕೇಳಿದ್ರು, "ಳ"ದ ಅರ್ಧ ಫೈಲ್ ಅಳತಿಗೆ ಸರಿಯಾಗಿ ಪ್ರಿಂಟ್ ತಗದು ಕೊಟ್ಟೇನಿ, ಅದರ ಮ್ಯಾಲ ಹಾಳಿ ಇಟ್ಟು ಕೆಳಗಿನ ಬಾಲ ಪೆನ್ಸಿಲ್ಲಿಲೆ ತಗಿಯಾಕತ್ತಾರ. ಎರಡು ಸಲ ರಬ್ಬರ್ ಹಚ್ಚಿ ಅಳಿಸಿದ್ರು, ಇನ್ನಾ ಸಮಾಧಾನ ಆಗಿಲ್ಲ ಅವರಿಗೆ.